ಗಡುವು ಮೀರಿದ ಬಿಡ್ ಮತ್ತು ಇಲ್ಲದ ಆದೇಶ

ಕಲಬುರಗಿಯಲ್ಲಿ ಸಣ್ಣ ಗುತ್ತಿಗೆದಾರರಿಗೆ ಟೆಂಡರ್ ಕಾಗದಪತ್ರ ಸಿದ್ಧಪಡಿಸಿಕೊಡುವುದು ನನ್ನ ವೃತ್ತಿ. ಗಡುವು ಮೀರಿದ ಬಿಡ್‌ಗಳ ಬಗ್ಗೆ ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಉದಾಸೀನದಿಂದ ಹುಟ್ಟಿದವಲ್ಲ. ಶಹಾಪುರ ಕಡೆಯ ಗುತ್ತಿಗೆದಾರರೊಬ್ಬರು ಕೊನೆಯ ದಿನ ಮಧ್ಯಾಹ್ನ ಇಎಂಡಿ (ಬಿಡ್ ಜೊತೆ ಕಟ್ಟಬೇಕಾದ ಠೇವಣಿ) ಮೊತ್ತವನ್ನು ನೆಫ್ಟ್ ಮೂಲಕ ಕಟ್ಟಿದರು. ಖಾತೆಯಿಂದ ಹಣ ಕಡಿತವಾದ ಸಂದೇಶ ಮೊಬೈಲಿಗೆ ಬಂದರೂ ಬಿಡ್ ಸಲ್ಲಿಸುವ ಸರ್ಕಾರಿ ಪೋರ್ಟಲ್ ಪಾವತಿ ಬಾಕಿ ಇದೆಯೆಂದೇ ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಬಿಡ್ ಸಲ್ಲಿಸುವ ಅವಕಾಶ ಮುಚ್ಚಿತು.

ಕಾನೂನಿನ ತೊಡಕು ಆರಂಭವಾಗುವುದು ಆಮೇಲೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಕಲಮಿನಂತೆ, ಟೆಂಡರ್ ಅಂಗೀಕರಿಸುವ ಪ್ರಾಧಿಕಾರವು 13ನೇ ಕಲಮಿನಡಿ ಹೊರಡಿಸಿದ ಆದೇಶದಿಂದ ನೊಂದವರು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ತಂತ್ರಾಂಶವೇ ಬಿಡ್ ಸ್ವೀಕರಿಸದಿದ್ದಾಗ ಯಾವ ಅಧಿಕಾರಿಯೂ ಯಾವ ಆದೇಶಕ್ಕೂ ಸಹಿ ಹಾಕಿರುವುದಿಲ್ಲ; ಪ್ರಶ್ನಿಸಲು ಕಾಗದವೇ ಇಲ್ಲದ ಗುತ್ತಿಗೆದಾರನಿಗೆ ಉಳಿಯುವುದು ಸಂವಿಧಾನದ 226ನೇ ಅನುಚ್ಛೇದದಡಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ ಅರ್ಜಿ ಹಾಕುವ ದಾರಿ. ಸಣ್ಣ ರಸ್ತೆ ಅಥವಾ ಚರಂಡಿ ಕಾಮಗಾರಿಯ ಲಾಭ ವಕೀಲರ ಶುಲ್ಕಕ್ಕೇ ಸಾಲದು. ಅಲ್ಲದೆ 1994ರ ಟಾಟಾ ಸೆಲ್ಯುಲಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ನ್ಯಾಯಾಲಯ ಪರಿಶೀಲಿಸುವುದು ನಿರ್ಧಾರ ಕೈಗೊಂಡ ಪ್ರಕ್ರಿಯೆಯನ್ನೇ ಹೊರತು ನಿರ್ಧಾರವನ್ನಲ್ಲ.

ಹಾಗೆಂದು ತಡವಾದ ಬಿಡ್‌ಗಳನ್ನು ಒಪ್ಪಿಕೊಳ್ಳಬೇಕೆಂದು ನಾನು ವಾದಿಸುವುದಿಲ್ಲ. ಉಳಿದವರ ದರ ಬಯಲಾದ ಮೇಲೆ ಒಬ್ಬರಿಗೆ ಅವಕಾಶ ಕೊಟ್ಟರೆ ಟೆಂಡರ್ ಕರೆದಿದ್ದಕ್ಕೇ ಅರ್ಥವಿಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸಹ ಜಾಹೀರಾತು ಟೆಂಡರುಗಳಲ್ಲಿ ತಡವಾದ ಬಿಡ್ ಪರಿಗಣಿಸಬಾರದೆನ್ನುತ್ತವೆ. ನನ್ನ ಬೇಡಿಕೆ ಇಷ್ಟೇ: ದೋಷ ಪೋರ್ಟಲಿನದೆಂದು ಗಡುವಿಗೆ ಮೊದಲೇ ದೂರು ಬಂದಿದ್ದರೆ, ಬಿಡ್ ತೆರೆಯುವ ಮುನ್ನ ಅಧಿಕಾರಿ ಸರ್ವರ್ ದಾಖಲೆ ತರಿಸಿ, ಎಲ್ಲರಿಗೂ ಅನ್ವಯಿಸುವಂತೆ ಗಡುವು ವಿಸ್ತರಿಸಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಆ ನಿರಾಕರಣೆಯ ವಿರುದ್ಧವೂ ಮೇಲ್ಮನವಿಗೆ ಅವಕಾಶವಿರುವಂತೆ 16ನೇ ಕಲಮಿಗೆ ತಿದ್ದುಪಡಿ ಆಗಬೇಕು.

ಅಲ್ಲಿಯವರೆಗೆ, ಬ್ಯಾಂಕಿನ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತು ಸಂಖ್ಯೆ), ಸಮಯ ಕಾಣುವ ಸ್ಕ್ರೀನ್‌ಶಾಟ್, ಸಹಾಯವಾಣಿಯ ದೂರು ಸಂಖ್ಯೆ ಇವಿಷ್ಟನ್ನೂ ಸೇರಿಸಿ ಟೆಂಡರ್ ಕರೆದ ಅಧಿಕಾರಿಗೆ ಗಡುವಿನೊಳಗೇ ಇಮೇಲ್ ಕಳಿಸಿಡಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತಿದ್ದೇನೆ.