ಚೀಟಿಯ ಮೇಲೆ ಪಿನ್

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರಿಪೇರಿಗೆ ಬಂದ ಮೊಬೈಲುಗಳನ್ನು ನೋಡಿದೆ. ಒಂದೊಂದರ ಬೆನ್ನಿಗೂ ಚೀಟಿ: ಹೆಸರು, ನಂಬರ್, ಕೆಳಗೆ ನೀಲಿ ಪೆನ್ನಿನಲ್ಲಿ ಲಾಕ್ ತೆಗೆಯುವ ಪಿನ್. ಕೌಂಟರ್ ಮುಂದೆ ನಿಂತವರು ಯಾರು ಬೇಕಾದರೂ ಓದಬಹುದು. ನನಗಂತೂ ಜೀವ ಝಲ್ಲೆಂದಿತು. ಲಾಕ್ ತೆರೆದರೆ ಒಟಿಪಿ ಬರುವ ಸಂದೇಶಗಳು, ಮನೆಯವರ ಫೋಟೊಗಳು, ಎಲ್ಲವೂ ಪರರ ಕೈಯಲ್ಲಿ.

ಒಡೆದ ಗಾಜು ಬದಲಿಸಲು ಪಿನ್ ಏಕೆ ಬೇಕು? ಟಚ್ ಪರೀಕ್ಷಿಸಬೇಕಾದರೆ ನಾವೇ ಎದುರು ನಿಂತು ಲಾಕ್ ತೆಗೆಯೋಣ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ. ಅದನ್ನು ಹಾಕಿ ಕೊಟ್ಟರೆ ಫೋಟೊ, ಸಂದೇಶ ಯಾವುದೂ ಕಾಣುವುದಿಲ್ಲ.

ಮನೆಯವರ ಮಾತು ಬೇರೆ. ಅವ್ವನಿಗೆ ನನ್ನ ಫೋನಿನ ಪಿನ್ ಗೊತ್ತಿದೆ, ಆಪತ್ತಿಗೆ ಬೇಕಲ್ಲವೇ. ಯುಪಿಐ ಪಿನ್ ಮಾತ್ರ ಅವಳಿಗೂ ಹೇಳಿಲ್ಲ, ಅವಳೂ ಕೇಳಿಲ್ಲ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.