ಎಂಟು ಲಕ್ಷದ ಮುಂಗಡವೂ ಕಾನೂನು ವಿದ್ಯಾರ್ಥಿಗಳೂ

ನಮ್ಮ ಕಚೇರಿಗೆ ತರಬೇತಿಗೆಂದು ಬರುವ ಕಾನೂನು ವಿದ್ಯಾರ್ಥಿಗಳ ಬ್ಯಾಗಿನಲ್ಲಿ ಈಗ ಒಂದು ಪಟ್ಟಿ ಖಾಯಂ ಆಗಿ ಇರುತ್ತದೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಹಳೆಯ 302 ಈಗ 103, ಹಳೆಯ 420 ಈಗ 318(4) ಎಂದು ತೋರಿಸುವ ಪಟ್ಟಿ. ಅದು ಬೇಕಾದದ್ದೇ, ನನ್ನ ಮೇಜಿನ ಗಾಜಿನಡಿಯಲ್ಲೂ ಒಂದಿದೆ. ಆದರೆ ಕಲಂ ಸಂಖ್ಯೆ ಬಾಯಿಪಾಠವಾದ ಮಾತ್ರಕ್ಕೆ ಎದುರಿಗೆ ಕುಳಿತವರ ಸಂಕಟ ಯಾವ ಕಾನೂನಿನದು ಎಂಬುದು ಹೊಳೆಯುವುದಿಲ್ಲ. ಕಾಲೇಜಿನಲ್ಲಿ ಕರಾರು ಒಂದು ಪತ್ರಿಕೆ, ಆಸ್ತಿ ಇನ್ನೊಂದು, ಅಪರಾಧ ಮತ್ತೊಂದು, ಸಾಕ್ಷ್ಯ ಮುಂದಿನ ಸೆಮಿಸ್ಟರಿಗೆ. ಕಕ್ಷಿದಾರರ ಕೈಚೀಲದಲ್ಲಿ ಇವೆಲ್ಲ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿಕೊಂಡು ಬರುತ್ತವೆ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ನಿವೃತ್ತ ಶಾಲಾ ಮೇಷ್ಟ್ರೊಬ್ಬರು 2022ರ ಫೆಬ್ರವರಿ 10ರಂದು ಮೂವತ್ತು-ನಲವತ್ತರ ಒಂದು ನಿವೇಶನಕ್ಕೆ ಕ್ರಯದ ಕರಾರು ಮಾಡಿಕೊಂಡರು. ಬೆಲೆ 18 ಲಕ್ಷ, ಮುಂಗಡ 8 ಲಕ್ಷ, ಮೂರು ತಿಂಗಳೊಳಗೆ ನೋಂದಣಿ. ಮಾರುವವರು ಇಂದು ನಾಳೆ ಎಂದು ಎಳೆದರು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ‘ನಿಮ್ಮ ಮುಂಗಡ ವಾಪಸ್ ಕೊಡುತ್ತೇನೆ, ಚೆಕ್ ತೆಗೆದುಕೊಳ್ಳಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು 8 ಲಕ್ಷದ ಚೆಕ್ ಕೊಟ್ಟರು. ಖಾತೆಯಲ್ಲಿ ಹಣವಿಲ್ಲವೆಂದು 23ರಂದು ಬ್ಯಾಂಕು ಅದನ್ನು ಹಿಂತಿರುಗಿಸಿತು. ಅಷ್ಟರಲ್ಲಿ ಮಾರುವವರ ತಂಗಿ ಮೇಷ್ಟ್ರಿಗೆ ಫೋನ್ ಮಾಡಿ ಆ ನಿವೇಶನದಲ್ಲಿ ತನಗೂ ಪಾಲಿದೆ ಎಂದರು. ಮೇಷ್ಟ್ರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು ಅಕ್ಟೋಬರ್ 14ರಂದು.

ಅವರನ್ನು ಹೊರಗೆ ಕೂರಿಸಿ, ಕಾಗದಗಳನ್ನು ವಿದ್ಯಾರ್ಥಿಗಳ ಮುಂದೆ ಹರಡಿ, ಏನು ಮಾಡೋಣ ಎಂದು ಕೇಳಿದೆ. ಒಬ್ಬ ‘420 ಮೇಡಂ’ ಎಂದ. ಪಕ್ಕದವಳು ‘ಈಗ ಅದು 318(4)’ ಎಂದು ತಿದ್ದಿದಳು. ಮೂರನೆಯವನು ಹೈಕೋರ್ಟಿಗೆ ರಿಟ್ ಅರ್ಜಿ ಎಂದ. ರಿಟ್ ಇರುವುದು ಮುಖ್ಯವಾಗಿ ಸರ್ಕಾರದ ಮತ್ತು ಸಾರ್ವಜನಿಕ ಕರ್ತವ್ಯ ಹೊತ್ತವರ ವಿರುದ್ಧ, ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಹಣದ ಜಗಳಕ್ಕಲ್ಲ ಎಂದು ಹೇಳಿ ಅದನ್ನು ಅಲ್ಲಿಗೇ ಬಿಟ್ಟೆವು.

420ರ ಮಾತು ಅಷ್ಟು ಬೇಗ ಮುಗಿಯಲಿಲ್ಲ. ಕೃತ್ಯ ನಡೆದದ್ದು 2022ರಲ್ಲಿ. ವಂಚನೆ ಆಗಿದ್ದರೆ ಆಗಲೇ ಆಗಿರಬೇಕು, ಹಾಗಾಗಿ ಅನ್ವಯಿಸುವುದು ಹಳೆಯ ದಂಡ ಸಂಹಿತೆಯೇ. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನಡಿಯಲ್ಲೇ ಶಿಕ್ಷೆ ಎಂಬುದು ಸಂವಿಧಾನದ 20(1)ನೇ ವಿಧಿ. ಆದರೆ ದೂರು ದಾಖಲಾಗುವುದು ಜುಲೈ 2024ರ ನಂತರವಾದ್ದರಿಂದ ತನಿಖೆ ಸಾಗುವುದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ದಾರಿಯಲ್ಲಿ. ಅಪರಾಧ ಯಾವುದು ಎಂದು ಹೇಳುವ ಕಾನೂನು ಬೇರೆ, ಅದನ್ನು ವಿಚಾರಿಸುವ ಕ್ರಮದ ಕಾನೂನು ಬೇರೆ ಎಂಬ ಮೊದಲ ವರ್ಷದ ಪಾಠ ಇಲ್ಲಿ ಒಂದೇ ದೂರಿನಲ್ಲಿ ಕಣ್ಣಿಗೆ ಕಾಣುತ್ತದೆ. ಎರಡು ಕಾಲಂಗಳ ಪಟ್ಟಿ ಇದನ್ನು ಹೇಳಿಕೊಡುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಇದು ವಂಚನೆಯೇ ಎಂಬುದು. ಮಾತಿಗೆ ತಪ್ಪಿದವರೆಲ್ಲ ವಂಚಕರಲ್ಲ. ಮೋಸದ ಉದ್ದೇಶ ಮಾತು ಕೊಡುವಾಗಲೇ ಇರಬೇಕು. ಆಮೇಲೆ ಮನಸ್ಸು ಬದಲಿಸಿದ್ದರೆ ಅದು ಕರಾರಿನ ಉಲ್ಲಂಘನೆ ಮಾತ್ರ. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಂಗಿಯ ಪಾಲು ಮುಚ್ಚಿಟ್ಟಿದ್ದು ಆರಂಭದಲ್ಲೇ ಇದ್ದ ದುರುದ್ದೇಶವಲ್ಲವೇ ಎಂದು ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ, ವಾದಿಸಬಹುದಾದ ವಿಷಯ. ಆದರೂ ಹಣ ವಸೂಲಿಗೆ ಪೊಲೀಸ್ ಠಾಣೆಯನ್ನು ಬಳಸುವ ರೂಢಿ ನನಗೆ ಹಿಡಿಸುವುದಿಲ್ಲ. ದೂರು ಬಿ ವರದಿಯಲ್ಲಿ, ಅಂದರೆ ಆರೋಪಕ್ಕೆ ಆಧಾರವಿಲ್ಲವೆಂದು ಪೊಲೀಸರು ಕೊಡುವ ವರದಿಯಲ್ಲಿ, ಮುಗಿದರೆ ಎದುರಿನವರ ವಕೀಲರು ಆ ಕಾಗದವನ್ನು ಎಲ್ಲ ನ್ಯಾಯಾಲಯಗಳಲ್ಲೂ ತೋರಿಸುತ್ತಾರೆ.

ಈಗ ದಿನಾಂಕಗಳು. ಯಾವುದೇ ಕಡತ ಬಂದರೂ ಒಂದು ಹಾಳೆಯಲ್ಲಿ ದಿನಾಂಕಗಳನ್ನು ಮಾತ್ರ ಬರೆಯಲು ಹೇಳುತ್ತೇನೆ, ಬೇರೇನೂ ಬೇಡ. ಕರಾರಿನಲ್ಲಿ ನೋಂದಣಿಗೆ ದಿನ ಗೊತ್ತುಮಾಡಿತ್ತು, 2022ರ ಮೇ 10. ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದದಂತೆ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಲು ಅಲ್ಲಿಂದ ಮೂರು ವರ್ಷ, ಅಂದರೆ 2025ರ ಮೇ ತನಕ ಸಮಯವಿತ್ತು. ಎದುರಿನವರು ತಕರಾರು ಎತ್ತದಿದ್ದರೂ ಕಾಲ ಮೀರಿದ ದಾವೆಯನ್ನು ನ್ಯಾಯಾಲಯವೇ ವಜಾ ಮಾಡಬೇಕು ಎಂದು ಅದೇ ಕಾಯ್ದೆಯ 3ನೇ ಕಲಂ ಹೇಳುತ್ತದೆ. ವಿಳಂಬ ಮನ್ನಿಸಿ ಎಂಬ 5ನೇ ಕಲಮಿನ ಅರ್ಜಿ ಮೇಲ್ಮನವಿಗೆ ಉಂಟು, ಮೂಲ ದಾವೆಗೆ ಇಲ್ಲ.

ಚೆಕ್ಕಿನ ಗಡಿಯಾರ ಬೇರೆ, ಬಹಳ ವೇಗದ್ದು. ಹಣವಿಲ್ಲದೆ ಚೆಕ್ ಹಿಂತಿರುಗುವುದನ್ನು ಅಪರಾಧವೆನ್ನುವ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿ 15 ದಿನಗಳಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಖಾಸಗಿ ಫಿರ್ಯಾದು. ಫಿರ್ಯಾದು ತಡವಾದರೆ ಸಕಾರಣ ತೋರಿಸಿ ಮನ್ನಣೆ ಕೇಳಬಹುದು, ನೋಟಿಸ್ ತಡವಾದರೆ ಆ ರಿಯಾಯಿತಿ ಇಲ್ಲ. ಮೇಷ್ಟ್ರು ಬಂದ ದಿನ ನಮ್ಮ ಕೈಯಲ್ಲಿ ಒಂಬತ್ತು ದಿನ ಉಳಿದಿತ್ತು. ಚೆಕ್ಕಿನ ಮೂರು ತಿಂಗಳ ಅವಧಿಯೊಳಗೆ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ಹಿಂತಿರುಗಿದರೆ ಆಗ ನೋಟಿಸ್ ಕೊಡಬಹುದು ಎಂದು 2012ರಲ್ಲಿ ಎಂಎಸ್‌ಆರ್ ಲೆದರ್ಸ್ ತೀರ್ಪು ಹೇಳಿದೆ ನಿಜ. ಅದು ಆಪತ್ಕಾಲಕ್ಕೆ, ಮೊದಲ ಸಲವೇ ಸರಿಯಾಗಿ ಮಾಡಲು ಸಮಯವಿರುವಾಗ ಎರಡನೆಯದನ್ನು ನೆಚ್ಚಬಾರದು.

ವಿದ್ಯಾರ್ಥಿ ನೋಟಿಸಿನ ಕರಡು ಬರೆದು ತಂದ. ಭಾಷೆ ಚೆನ್ನಾಗಿತ್ತು. ಎರಡನೇ ಪುಟದಲ್ಲಿ ಹೀಗಿತ್ತು: ‘ನಮ್ಮ ಕಕ್ಷಿದಾರರು ಇಂದಿಗೂ ಕ್ರಯಪತ್ರ ಮಾಡಿಸಿಕೊಳ್ಳಲು ಸಿದ್ಧರಿದ್ದಾರೆ, ಆದ್ದರಿಂದ 15 ದಿನಗಳಲ್ಲಿ ಚೆಕ್ಕಿನ ಮೊತ್ತ ಪಾವತಿಸತಕ್ಕದ್ದು.’

ಈ ಒಂದು ವಾಕ್ಯದ ಮೇಲೆ ಆ ಇಡೀ ಸಂಜೆ ಮಾತಾಡಿದೆವು. ಕರಾರು ಇನ್ನೂ ಜೀವಂತವಾಗಿದೆ ಎಂದರೆ ಮುಂಗಡ ಬೆಲೆಯ ಭಾಗವಾಗಿ ಮಾರುವವರ ಬಳಿಯೇ ಇರಬೇಕಾದ ಹಣ. ಅದನ್ನು ಹಿಂತಿರುಗಿಸುವ ಸಾಲ ಇನ್ನೂ ಹುಟ್ಟಿಲ್ಲ. ಸಾಲವಿಲ್ಲದೆ 138 ನಿಲ್ಲುವುದಿಲ್ಲ. ಚೆಕ್ಕು ಮುಂಗಡದ ವಾಪಸಾತಿಗೆ ಬಂದದ್ದು ಎಂದರೆ ಕರಾರು ಮುಗಿಯಿತು. ಹಾಗೆ ಬರೆದುಕೊಟ್ಟವರು ನಾಳೆ ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಕಲಮಿನಡಿ ‘ನಾನು ಕ್ರಯಕ್ಕೆ ಸದಾ ಸಿದ್ಧನೂ ಇಚ್ಛುಕನೂ ಆಗಿದ್ದೆ’ ಎಂದು ರುಜುವಾತು ಮಾಡುವುದು ಹೇಗೆ? ಕ್ರಿಮಿನಲ್ ನ್ಯಾಯಾಲಯಕ್ಕೆಂದು ಬರೆದ ಮಾತನ್ನು ಸಿವಿಲ್ ನ್ಯಾಯಾಲಯದಲ್ಲಿ ನಮ್ಮ ಒಪ್ಪಿಗೆ ಎಂದೇ ಓದುತ್ತಾರೆ. ಒಂದೇ ದಾವೆಯಲ್ಲಿ ಕ್ರಯಪತ್ರ ಕೊಡಿಸಿ, ಇಲ್ಲವಾದರೆ ಮುಂಗಡವನ್ನಾದರೂ ಕೊಡಿಸಿ ಎಂದು ಪರ್ಯಾಯವಾಗಿ ಬೇಡಲು ನಿರ್ದಿಷ್ಟ ಪರಿಹಾರ ಕಾಯ್ದೆಯದೇ 22ನೇ ಕಲಂ ಅವಕಾಶ ಕೊಡುತ್ತದೆ. ಚೆಕ್ಕಿನ ನೋಟಿಸಿನಲ್ಲಿ ‘ಅಥವಾ’ಕ್ಕೆ ಜಾಗವಿಲ್ಲ.

ಮೇಷ್ಟ್ರನ್ನು ಒಳಗೆ ಕರೆದು ಹೇಳಿದಾಗ ‘ಎರಡೂ ಹಾಕಿಬಿಡಿ ಮೇಡಂ, ಯಾವುದು ಗೆದ್ದರೆ ಅದು’ ಎಂದರು. ‘ಎರಡರಲ್ಲೂ ನೀವೇ ಸಾಕ್ಷಿ ಕಟ್ಟೆ ಹತ್ತಿ ಪ್ರಮಾಣ ಮಾಡಬೇಕು ಮೇಷ್ಟ್ರೇ’ ಎಂದೆ. ಸುಮ್ಮನಾದರು. ಯಾವುದು ಬೇಕೆಂದು ನಿರ್ಧರಿಸಬೇಕಾದವರು ಅವರು, ನಾನಲ್ಲ. ನಿರ್ಧರಿಸಲು ಬೇಕಾದ ಮಾಹಿತಿ ಕೊಡುವುದು ನನ್ನ ಕೆಲಸ, ಮತ್ತು ಆ ಮಾಹಿತಿಯ ದೊಡ್ಡ ಭಾಗ ತಂಗಿಯ ಫೋನ್ ಕರೆಯಲ್ಲಿತ್ತು.

ತಂಗಿ ಎಂದ ಕೂಡಲೇ ವಿದ್ಯಾರ್ಥಿಗಳು ‘ವಿನೀತಾ ಶರ್ಮಾ, 2020’ ಎಂದು ಒಟ್ಟಿಗೆ ಹೇಳಿದರು. ಹುಟ್ಟಿನಿಂದಲೇ ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, ಆ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂದೇನಿಲ್ಲ ಎಂದ ತೀರ್ಪು ಅದು. ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲಿ, ಅವಿವಾಹಿತ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತ್ತು. ಎಲ್ಲ ಸರಿ, ಆದರೆ ಇಲ್ಲಿ ಬೇಕಾಗಿಲ್ಲ. ಕಡತದಲ್ಲಿ ನಿವೇಶನದ ಮೂಲ ಕ್ರಯಪತ್ರವಿತ್ತು. ತಂದೆ ತಮ್ಮ ಸಂಬಳದಲ್ಲಿ ಕೊಂಡದ್ದು. ಉಯಿಲು ಬರೆಯದೆ ತೀರಿಕೊಂಡರು. ಸ್ವಯಾರ್ಜಿತ ಆಸ್ತಿಯಲ್ಲಿ ಮಗಳು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಮೊದಲ ದರ್ಜೆಯ ವಾರಸುದಾರಳು, ಮದುವೆಯಾಗಿರಲಿ ಬಿಡಲಿ. ತಾಯಿಯೂ ಬದುಕಿದ್ದಾರೆ. ಹಾಗಾದರೆ ಮಗನ ಪಾಲು ಮೂರರಲ್ಲೊಂದು. ತನ್ನಲ್ಲಿ ಇಲ್ಲದ್ದನ್ನು ಯಾರೂ ಮಾರಲಾರರು.

‘ಆದರೆ ಖಾತೆ ಮಗನ ಒಬ್ಬನ ಹೆಸರಿನಲ್ಲೇ ಇದೆಯಲ್ಲ ಮೇಡಂ, ಋಣಭಾರ ಪತ್ರವೂ ಶುದ್ಧವಾಗಿದೆ’ ಎಂದ ಒಬ್ಬ. ನಾನು ಕಂಡ ನಿವೇಶನದ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಈ ನಂಬಿಕೆಯಿಂದಲೇ. ಖಾತೆ ಇರುವುದು ತೆರಿಗೆ ಕಟ್ಟುವವರು ಯಾರು ಎಂದು ತಿಳಿಯಲು. ಅದು ಒಡೆತನವನ್ನು ಹುಟ್ಟಿಸುವುದಿಲ್ಲ. ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ತನ್ನ ಹೆಸರಿಗೆ, ಮಾಡಿಸಿಕೊಂಡರೆ ತಂಗಿಯ ಪಾಲು ಅಳಿಸಿಹೋಗುವುದಿಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಸಾವು, ಹುಟ್ಟು, ವಾರಸುದಾರಿಕೆ ಅದರಲ್ಲಿ ಕಾಣುವುದಿಲ್ಲ. ಇನ್ನು ಕ್ರಯದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ 1882ರಿಂದ ಹೇಳುತ್ತಲೇ ಇದೆ.

ಕರಾರಿನ ಕಡೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ‘ಸ್ವತ್ತಿನ ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಡಲಾಗಿದೆ.’ ಮೇಷ್ಟ್ರು ಅಲ್ಲಿ ಒಂದು ಕಂಬವನ್ನೂ ನೆಟ್ಟಿರಲಿಲ್ಲ. ಪತ್ರ ಬರೆದವರು ಹಳೆಯ ಮಾದರಿಯಿಂದ ಎತ್ತಿಕೊಂಡ ಸಾಲು. ಕರ್ನಾಟಕದಲ್ಲಿ ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. 200 ರೂಪಾಯಿಯ ಛಾಪಾ ಕಾಗದದಲ್ಲಿರುವ ಇದನ್ನು ಸಿವಿಲ್ ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಿದರೆ, ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ನೋಂದಣಿ ಆಗದಿದ್ದರೆ ಒಂದು ತೊಡಕು, ಮುದ್ರಾಂಕ ಕಡಿಮೆಯಾದರೆ ಇನ್ನೊಂದು. ವಿದ್ಯಾರ್ಥಿಗಳು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ, ಕೆಲವು ವಕೀಲರೂ.

ಮೂರನೇ ಒಂದು ಪಾಲು, ಮುಂದೆ ವಿಭಾಗದ ದಾವೆ, ಮೇಲೆ ದಂಡ. ಎಲ್ಲವನ್ನೂ ಕೇಳಿದ ಮೇಷ್ಟ್ರು ಎರಡು ದಿನ ಬಿಟ್ಟು ಬಂದು ‘ನನಗೆ ದುಡ್ಡೇ ಸಾಕು’ ಎಂದರು. ನೋಟಿಸನ್ನು ಹೊಸದಾಗಿ ಬರೆದೆವು: ನೀವು ಕ್ರಯ ಮಾಡಿಕೊಡಲಿಲ್ಲ, ಮುಂಗಡ ಹಿಂತಿರುಗಿಸಲು ಒಪ್ಪಿದಿರಿ, ಅದಕ್ಕಾಗಿ ಈ ಚೆಕ್ ಕೊಟ್ಟಿರಿ. ಕ್ರಯಕ್ಕೆ ಸಿದ್ಧ ಎಂಬ ಮಾತು ಎಲ್ಲಿಯೂ ಇಲ್ಲ. ಫಿರ್ಯಾದು ಹಾಕಬೇಕಾದದ್ದು ನಿವೇಶನ ಇರುವ ಊರಿನಲ್ಲಲ್ಲ, ಮೇಷ್ಟ್ರ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. 2015ರ ತಿದ್ದುಪಡಿಯ ನಂತರ ಹಾಗೆ. ನಿವೇಶನಕ್ಕಾಗಿ ದಾವೆ ಹೂಡಿದ್ದರೆ ನಿವೇಶನ ಇರುವ ಊರಿಗೇ ಹೋಗಬೇಕಿತ್ತು. ವಾಟ್ಸ್ಆ್ಯಪ್ ಸಂದೇಶವನ್ನು ಮುದ್ರಿಸಿಟ್ಟರೆ ಸಾಲದು ಎಂದು ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಸಿದ್ಧಮಾಡಿದೆವು.

ಉತ್ತರ ನೋಟಿಸಿನಲ್ಲಿ ಎದುರಿನವರು, ಚೆಕ್ ತಮ್ಮದೇ, ಆದರೆ ಭದ್ರತೆಗೆ ಕೊಟ್ಟದ್ದು ಎಂದರು. ಸಹಿ ಒಪ್ಪಿದರಲ್ಲ, ಇನ್ನೇನು ಗೆದ್ದಂತೆ ಎಂದು ವಿದ್ಯಾರ್ಥಿಗಳಿಗೆ ಸಂಭ್ರಮ. ಅರ್ಧ ಸರಿ. ಸಹಿ ಒಪ್ಪಿದ ಮೇಲೆ ಸಾಲ ಇತ್ತೆಂದೇ ನ್ಯಾಯಾಲಯ ಭಾವಿಸಬೇಕು. ಕರ್ನಾಟಕದಿಂದಲೇ ಹೋದ ರಂಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹಾಗೆಂದಿದೆ. ಆದರೆ ಆ ಭಾವನೆಯನ್ನು ಅಲುಗಿಸಲು ಆರೋಪಿ ಸಂದೇಹಾತೀತವಾಗಿ ಏನನ್ನೂ ಸಾಬೀತು ಮಾಡಬೇಕಿಲ್ಲ. ತನ್ನ ಮಾತು ಹೆಚ್ಚು ಸಂಭವನೀಯ ಎಂದು ತೋರಿದರೆ ಸಾಕು. ಅದಕ್ಕೆ ತನ್ನ ಸಾಕ್ಷಿಯೂ ಬೇಕಿಲ್ಲ, ಮೇಷ್ಟ್ರ ಪಾಟಿ ಸವಾಲಿನಲ್ಲೇ ಅದನ್ನು ಹೊರತೆಗೆಯಬಹುದು. ಸಂದೇಹಾತೀತ ಎಂಬ ಅಳತೆ ಕ್ರಿಮಿನಲ್ ಪ್ರಕರಣದಲ್ಲಿ ಎಲ್ಲರಿಗೂ ಒಂದೇ ಎಂದು ಓದಿಕೊಂಡು ಬಂದವರಿಗೆ ಇದು ಅರಗಲು ಸಮಯ ಹಿಡಿಯಿತು.

ಪಾಟಿ ಸವಾಲು ಇನ್ನು ಆಗಬೇಕು. ಎದುರಿನ ವಕೀಲರು ಮೊದಲು ಹಿಡಿಯುವುದು ಕರಾರು ಮುರಿದದ್ದು ಯಾರು ಎಂಬುದನ್ನೇ: ಕೊಳ್ಳುವವರೇ ತಪ್ಪಿದ್ದರೆ ಮುಂಗಡ ಮುಟ್ಟುಗೋಲು ಎಂಬ ಷರತ್ತು ಅದರಲ್ಲಿದೆ. 2022ರ ಮೇ ತಿಂಗಳಲ್ಲಿ ಬಾಕಿ ಹತ್ತು ಲಕ್ಷ ನಿಮ್ಮ ಬಳಿ ಇತ್ತೇ ಎಂದು ಕೇಳುತ್ತಾರೆ. ಮೇಷ್ಟ್ರ ನಿವೃತ್ತಿ ಹಣ ಆಗ ಬ್ಯಾಂಕಿನಲ್ಲೇ ಇತ್ತು. ಆ ತಿಂಗಳ ಖಾತೆ ವಿವರವನ್ನು ಬ್ಯಾಂಕಿನಿಂದ ದೃಢೀಕರಿಸಿ ತರಲು ವಿದ್ಯಾರ್ಥಿನಿಯನ್ನು ಅವರ ಜೊತೆ ಕಳುಹಿಸಿದ್ದೇನೆ.