ತಿಣುಕಬಾರದು ಅಂತ ಗೊತ್ತಿದ್ದೂ

13 ಫೆಬ್ರವರಿ 2024, ಮಂಗಳವಾರ

ಇವತ್ತು ಬೆಳಿಗ್ಗೆ ಕಮೋಡಿನ ಮೇಲೆ ಕೂತು ತಿಣುಕಿದೆ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಚೆನ್ನಾಗಿಯೇ ತಿಣುಕಿದೆ. ಎಂಟು ತಿಂಗಳಿಂದ ಮಾಡದೇ ಇದ್ದ ಕೆಲಸ. ಎದ್ದು ನಿಂತ ಕೂಡಲೇ ಗೊತ್ತಾಯಿತು. ಕೆಳಗೆ ಅದೇ ಹಳೇ ಭಾರ. ಒಳಗಿನದೇನೋ ಇಳಿದು ಬಂದು ಹೊಸ್ತಿಲಲ್ಲಿ ಕೂತ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಕೂತರೆ ಸಣ್ಣ ಚೆಂಡಿನ ಮೇಲೆ ಕೂತಂತೆ ಅನಿಸುತ್ತಿತ್ತು.

ಇದನ್ನೆಲ್ಲ ಯಾಕೆ ಬರೀತೀಯೆ ಅಂತ ಅಕ್ಕ ಕೇಳುತ್ತಾಳೆ. ಯಾಕೆಂದರೆ ಮಂಡಿ ನೋವಿನ ಬಗ್ಗೆ ಎಲ್ಲರೂ ಹೇಳಿಕೊಳ್ಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಒಳಗಿನ ಅಂಗ ಕೆಳಗೆ ಜಾರುವ ಈ ತೊಂದರೆ ಇರುತ್ತದೆ. ನಾನೇ ಎರಡು ವರ್ಷ ಮುಚ್ಚಿಟ್ಟಿದ್ದೆ. ಸ್ನಾನ ಮಾಡುವಾಗ ಮೊದಲ ಸಲ ಕೈಗೆ ಗಂಟಿನಂಥದ್ದು ತಾಗಿದಾಗ ಕ್ಯಾನ್ಸರೇ ಅಂದುಕೊಂಡು ಆ ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರ್ ಹತ್ತಿರ ಹೋಗುವ ಧೈರ್ಯ ಬರಲು ಮತ್ತೂ ನಾಲ್ಕು ತಿಂಗಳು ಬೇಕಾಯಿತು. ಪೆದ್ದುತನ, ಒಪ್ಪುತ್ತೇನೆ.

ಅದು ಗಂಟೇ ಅಲ್ಲ, ನನ್ನದೇ ಯೋನಿಯ ಹಿಂಗೋಡೆ. ಅದರ ಹಿಂದೆ ಗುದನಾಳ ಇದೆ. ನಡುವಿನ ಗೋಡೆ ಸಡಿಲವಾದರೆ ಗುದನಾಳ ಮುಂದಕ್ಕೆ ಉಬ್ಬಿ ಯೋನಿಯೊಳಗೆ ಚಾಚಿಕೊಳ್ಳುತ್ತದೆ. ಡಾಕ್ಟರುಗಳು ಇದಕ್ಕೆ ರೆಕ್ಟೋಸೀಲ್ ಅನ್ನುತ್ತಾರೆ. ಮುಂದಿನ ಗೋಡೆ ಸಡಿಲವಾಗಿ ಮೂತ್ರಚೀಲ ಇಳಿದರೆ ಸಿಸ್ಟೋಸೀಲ್. ಗರ್ಭಕೋಶವೇ ಇಳಿಯುವುದೂ ಉಂಟು. ಎಲ್ಲ ಸೇರಿ ಒಂದೇ ಮಾತಿನಲ್ಲಿ ‘ಜಾರುವುದು’. ನನ್ನದು ಎರಡನೇ ಹಂತ. ಅಂದರೆ ತೀರಾ ಕೆಳಗೆ ಬಂದ ಭಾಗ ಯೋನಿಯ ಬಾಯಿಂದ ಒಂದು ಸೆಂಟಿಮೀಟರ್ ಒಳಗೋ ಹೊರಗೋ ಇದೆ.

ಹಿಂಗೋಡೆ ಉಬ್ಬಿದವರಿಗೆ ಇನ್ನೊಂದು ಪೀಕಲಾಟ ಇದೆ. ತಿಣುಕಿದರೆ ಮಲ ಹೊರದಾರಿ ಹಿಡಿಯುವ ಬದಲು ಆ ಉಬ್ಬಿನ ಜೇಬಿಗೆ ನುಗ್ಗುತ್ತದೆ. ಪೂರ್ತಿ ಆಗಲಿಲ್ಲ ಅನ್ನಿಸುತ್ತದೆ. ಮತ್ತೆ ತಿಣುಕುತ್ತೇವೆ, ಜೇಬು ಇನ್ನಷ್ಟು ಹಿಗ್ಗುತ್ತದೆ. ನಾನು ಇಪ್ಪತ್ತು ವರ್ಷ ಇದೇ ಮಾಡಿಕೊಂಡು ಬಂದವಳು. ಹೆರಿಗೆ ಎರಡೇ. ಆದರೆ ಮಲಬದ್ಧತೆ ದಿನಾ ಒಂದು ಸಣ್ಣ ಹೆರಿಗೆಯ ಹಾಗೆ ಇತ್ತು. ಮುಟ್ಟು ನಿಂತ ಮೇಲೆ ಒಳಗಿನ ಪದರ ತೆಳ್ಳಗಾಗಿ ಇದ್ದ ಬಿಗಿಯೂ ಹೋಯಿತು.

ಮೊದಲು ತೋರಿಸಿದ ಡಾಕ್ಟರ್ ಐದು ನಿಮಿಷದಲ್ಲಿ ಮುಗಿಸಿದರು. "ವಯಸ್ಸಾಯ್ತಲ್ಲಮ್ಮಾ, ಜಾಸ್ತಿ ತೊಂದರೆ ಆದ್ರೆ ಆಪರೇಷನ್ ಮಾಡೋಣ. ಅಲ್ಲೀವರೆಗೆ ಕೀಗಲ್ ಮಾಡ್ತಾ ಇರಿ." ಕೀಗಲ್ ಅಂದರೆ ಕೆಳಗಿನ ಸ್ನಾಯುಗಳನ್ನು ಬಿಗಿದು ಮೇಲಕ್ಕೆ ಎಳೆದು ಬಿಡುವ ವ್ಯಾಯಾಮ. ಹೇಗೆ ಮಾಡುವುದು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ನನಗೆ ತೋಚಿದ ಹಾಗೆ ಮೂರು ತಿಂಗಳು ಮಾಡಿದೆ. ಆಮೇಲೆ ಸಿಕ್ಕಿದ ಫಿಸಿಯೋ ಪರೀಕ್ಷೆ ಮಾಡಿ, ‘ನೀವು ಮೇಲಕ್ಕೆ ಎಳೆಯುತ್ತಿಲ್ಲ, ಕೆಳಕ್ಕೆ ದಬ್ಬುತ್ತಿದ್ದೀರಿ’ ಅಂದರು. ಮೂರು ತಿಂಗಳು ನಾನೇ ಶ್ರದ್ಧೆಯಿಂದ ಕೆಳಗೆ ತಳ್ಳಿದ್ದೆ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆರ್ನಾಲ್ಡ್ ಕೀಗಲ್ ಅನ್ನುವ ಅಮೆರಿಕದ ಡಾಕ್ಟರು 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ, ಸರಿಯಾಗಿ ಬಿಗಿಯುತ್ತಿದ್ದಾರೋ ಇಲ್ಲವೋ ನೋಡಲು ಒತ್ತಡ ಅಳೆಯುವ ಸಾಧನವನ್ನೂ ಜೊತೆಗೆ ಬಳಸಿದ್ದರು. ನಮಗೆ ಉಳಿದದ್ದು ಅವರ ಹೆಸರು, ಅಳತೆ ಬಿಟ್ಟುಹೋಯಿತು. 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ‘ಪಾಪಿ’ (POPPY) ಅನ್ನುವ ಅಧ್ಯಯನದಲ್ಲಿ ಈ ತೊಂದರೆ ಇದ್ದ 447 ಹೆಂಗಸರು ಇದ್ದರು. ಫಿಸಿಯೋ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಲಿಸಿದ ಗುಂಪಿನಲ್ಲಿ ಭಾರ, ಜಗ್ಗುವ ತೊಂದರೆ ಕಡಿಮೆ ಆಗಿತ್ತು. ಇಂಗ್ಲೆಂಡಿನ 2019ರ ಮಾರ್ಗಸೂಚಿ ಕೂಡ ಒಂದು, ಎರಡನೇ ಹಂತದವರಿಗೆ ಮೊದಲು ಕನಿಷ್ಠ 16 ವಾರ ಈ ವ್ಯಾಯಾಮವನ್ನು ಕಲಿಸುವವರ ಕೈಕೆಳಗೆ ಮಾಡಿಸಿ ಅನ್ನುತ್ತದೆ. ಕಲಿಸುವವರು ಅನ್ನುವ ಮಾತಿಗೆ ನಾನು ನಾಲ್ಕು ಗೆರೆ ಎಳೆಯುತ್ತೇನೆ.

ಆದರೂ ನನ್ನ ಮಟ್ಟಿಗೆ ವ್ಯತ್ಯಾಸ ಮಾಡಿದ್ದು ಬಿಗಿಯುವುದಕ್ಕಿಂತ ಬಿಡುವುದು. ಫಿಸಿಯೋ ಮೊದಲ ದಿನವೇ ಟಾಯ್ಲೆಟ್ ವಿಷಯಕ್ಕೆ ಬಂದರು. ಗುದನಾಳದ ಸುತ್ತ ಒಂದು ಸ್ನಾಯು ಕುಣಿಕೆಯ ಹಾಗೆ ಬಳಸಿಕೊಂಡು ಅದನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ. ನೀರಿನ ಪೈಪು ಮಡಚಿದಂತೆ. ಹಾಗಾಗಿಯೇ ನಾವು ಓಡಾಡುವಾಗ ಏನೂ ಸೋರುವುದಿಲ್ಲ. ಕುಕ್ಕರುಗಾಲಲ್ಲಿ ಕೂತರೆ ಕುಣಿಕೆ ಸಡಿಲಾಗಿ ಪೈಪು ನೆಟ್ಟಗಾಗುತ್ತದೆ. ಕಮೋಡಿನ ಮೇಲೆ ಕುರ್ಚಿಯಲ್ಲಿ ಕೂತಂತೆ ಕೂತರೆ ಅರ್ಧ ಮಡಿಕೆ ಹಾಗೇ ಉಳಿಯುತ್ತದೆ. ಮಡಚಿದ ಪೈಪಿನೊಳಗೆ ದಬ್ಬಿದರೆ ಗೋಡೆಗಳೇ ಉಬ್ಬಬೇಕು ಅಲ್ವಾ?

ಅವತ್ತೇ ಸಂಜೆ ಅಟ್ಟದ ಮೇಲಿದ್ದ ಹಳೇ ಮಣೆ ಕೆಳಗೆ ಇಳಿಯಿತು. ಎರಡೂ ಪಾದ ಅದರ ಮೇಲೆ. ಮಂಡಿ ಸೊಂಟಕ್ಕಿಂತ ಮೇಲೆ. ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲೆ, ಬೆನ್ನು ನೆಟ್ಟಗೆ. ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸಡಿಲ ಬಿಡಬೇಕು, ದಪ್ಪ ಕಂಡರೂ ಪರವಾಗಿಲ್ಲ, ಅಲ್ಲಿ ಯಾರು ನೋಡುತ್ತಾರೆ. ಬಾಯಿ ಸ್ವಲ್ಪ ತೆರೆದು ‘ಊ...’ ಅಂತ ಉದ್ದಕ್ಕೆ ಉಸಿರು ಬಿಡಬೇಕು. ಉಸಿರು ಹೊರಗೆ ಹೋಗುತ್ತಿರುವಾಗ ತಿಣುಕುವುದು ಕಷ್ಟ, ಗುಟ್ಟು ಇರುವುದೇ ಅಲ್ಲಿ. ಮೊದಲ ದಿನ ಮಗ ಬಾಗಿಲು ತಟ್ಟಿ "ಅಮ್ಮಾ, ಹುಷಾರಿದ್ದೀಯಾ?" ಅಂತ ಕೇಳಿದ. ಈಗ ಮನೆಯಲ್ಲಿ ಆ ಸದ್ದಿಗೆ ಎಲ್ಲರೂ ಒಗ್ಗಿಕೊಂಡಿದ್ದಾರೆ.

ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ. ಆಗದಿದ್ದರೆ ಎದ್ದು ಬರುತ್ತೇನೆ, ಅವಸರವಾದಾಗ ಮತ್ತೆ ಹೋಗುತ್ತೇನೆ. ಅವಸರವಾದಾಗ ತಡೆಯುವುದಿಲ್ಲ. ಊಟ ತಿಂಡಿ ಆದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಅದರಲ್ಲೂ ಬೆಳಿಗ್ಗೆ. ಆ ಹೊತ್ತನ್ನು ಬೇರೆ ಕೆಲಸಕ್ಕೆ ಕೊಡುವುದಿಲ್ಲ. ಫೋನ್ ಒಳಗೆ ಹೋಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಅಂತ ಮೂರು ಸಲ ಅಳಿಸಿದೆ. ಮಲ ಜೇಬಿನಲ್ಲಿ ಸಿಕ್ಕಿಕೊಂಡಾಗ ಶುಚಿಯಾದ ಹೆಬ್ಬೆರಳನ್ನು ಯೋನಿಯೊಳಗೆ ಇಟ್ಟು ಹಿಂಗೋಡೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಹಿಡಿದರೆ ಉಬ್ಬು ಒಳಗೆ ಹೋಗಿ ದಾರಿ ನೆಟ್ಟಗಾಗುತ್ತದೆ. ನಾನು ಇದನ್ನು ಮೊದಲೇ ಕದ್ದು ಮಾಡುತ್ತಿದ್ದೆ. ಏನೋ ಹೊಲಸು ಕೆಲಸ ಮಾಡುತ್ತಿದ್ದೇನೆ ಅನ್ನುವ ನಾಚಿಕೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಫಿಸಿಯೋ ತಲೆಯೆತ್ತದೆ ಬರೆದುಕೊಳ್ಳುತ್ತಲೇ, "ಒತ್ತಿ ಹಿಡೀಬೇಕಾಗುತ್ತಾ?" ಅಂತ ಕೇಳಿದರು. ಊಟ ಆಯ್ತಾ ಅಂತ ಕೇಳಿದ ಹಾಗೆ. ನನಗೆ ಕಣ್ಣಲ್ಲಿ ನೀರೇ ಬಂತು.

ಮಲ ಮೆತ್ತಗಿದ್ದರೆ ಉಳಿದದ್ದೆಲ್ಲ ಸಲೀಸು. 1997ರಲ್ಲಿ ಬಂದ ಬ್ರಿಸ್ಟಲ್ ಪಟ್ಟಿಯಲ್ಲಿ ಮಲವನ್ನು ಏಳು ಬಗೆ ಮಾಡಿದ್ದಾರೆ. ಒಂದು ಅಂದರೆ ಗೋಲಿಯಂಥ ಗಟ್ಟಿ ಉಂಡೆ, ಏಳು ಅಂದರೆ ಬರೀ ನೀರು. ಮೂರು, ನಾಲ್ಕು ಇದ್ದರೆ ಚೆನ್ನ. ದಿನಾ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತೇನೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅಂತ ಓದಿ, ಮೊದಲು ಒಂದೇ ವಾರದಲ್ಲಿ ಅಷ್ಟೂ ತುಂಬಲು ಹೋಗಿ ಹೊಟ್ಟೆ ಉಬ್ಬರಿಸಿ ಒದ್ದಾಡಿದ್ದೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಇಸಬ್ಗೋಲ್ ತಗೊಂಡು ನೀರು ಕುಡಿಯದಿದ್ದರೆ ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ.

ಈಗ ಇವತ್ತಿಗೆ ಬರುತ್ತೇನೆ. ರಕ್ತ ಕಡಿಮೆ ಇದೆ ಅಂತ ಐದು ದಿನದ ಹಿಂದೆ ಕಬ್ಬಿಣದ ಮಾತ್ರೆ ಶುರುವಾಯಿತು. ಕಬ್ಬಿಣ ಹೊಟ್ಟೆ ಕಟ್ಟುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನೀರು ಹೆಚ್ಚಿಸಲಿಲ್ಲ, ಏನೂ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ 4, 3, 2, ಸೊನ್ನೆ (ಅಂದರೆ ಅವತ್ತು ಆಗಲೇ ಇಲ್ಲ), 1. ಅಂಕಿ ಇಳಿಯುವುದನ್ನು ನಾನೇ ಬರೆಯುತ್ತಾ ಸುಮ್ನೆ ಕೂತಿದ್ದೆ! ಬೆಳಿಗ್ಗೆ ಬೇರೆ ಹೊರಗೆ ಹೊರಡುವ ಗಡಿಬಿಡಿ. ಮಣೆ ಒರೆಸಿ ಬಾಗಿಲ ಹಿಂದೆ ಇಟ್ಟಿದ್ದೆ, ಎಳೆದುಕೊಳ್ಳುವಷ್ಟು ತಾಳ್ಮೆ ಇರಲಿಲ್ಲ.

ಮಧ್ಯಾಹ್ನ ಸೊಂಟದ ಕೆಳಗೆ ಎರಡು ದಿಂಬು ಇಟ್ಟು ಇಪ್ಪತ್ತು ನಿಮಿಷ ಅಂಗಾತ ಮಲಗಿದೆ. ಭಾರ ಕಡಿಮೆ ಆಯಿತು. ಬೆಳಿಗ್ಗೆ ಹಗುರ, ಸಂಜೆ ಭಾರ ಅನ್ನುವುದು ಈ ತೊಂದರೆಯ ಸ್ವಭಾವ. ಸಂಜೆ ಬಕೆಟ್ ಎತ್ತುವಾಗ ಮಾತ್ರ ಮರೆಯಲಿಲ್ಲ: ಮೊದಲು ಕೆಳಗೆ ಬಿಗಿ, ಉಸಿರು ಬಿಡು, ಆಮೇಲೆ ಎತ್ತು. ಕೆಮ್ಮು ಬಂದರೂ ಹಾಗೇ.

ಡಾಕ್ಟರಿಗೆ ಫೋನ್ ಮಾಡಿದೆ. ಈಗಿನ ಡಾಕ್ಟರ್ ಬೇರೆ, ಇವರಿಗೆ ಸಮಯ ಇದೆ. ಮಾತ್ರೆ ದಿನ ಬಿಟ್ಟು ದಿನ ತಗೊಳ್ಳಿ ಅಂದರು, ಮಲ ಮೆತ್ತಗಾಗುವ ಔಷಧಿ ಒಂದು ವಾರಕ್ಕೆ ಬರೆದರು. ಮುಟ್ಟು ನಿಂತವರಿಗೆ ರಕ್ತ ಯಾಕೆ ಕಡಿಮೆ ಆಯಿತು ಅಂತ ಹುಡುಕುವ ಪರೀಕ್ಷೆಗೂ ಮುಂದಿನ ವಾರ ಹೋಗಬೇಕು. ‘ನೈಸರ್ಗಿಕ’ ಅಂತ ಹಟ ಹಿಡಿದು ಅದನ್ನು ಮುಂದೂಡುವವಳಲ್ಲ ನಾನು. ಮಲದಲ್ಲಿ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಮೂತ್ರ ಕಟ್ಟಿದರೆ ಮಣೆಯಿಂದ ಏನೂ ಆಗದು. ಜಾರಿದ್ದನ್ನು ಮೇಲಕ್ಕೆ ಎಳೆಯುತ್ತೇವೆ ಅನ್ನುವ ಎಣ್ಣೆ, ಪುಡಿಗಳ ಜಾಹೀರಾತು ದಿನಾ ನನ್ನ ಫೋನಿಗೆ ಬರುತ್ತದೆ. ಹಿಂದೆ ಗ್ರೀಕ್ ವೈದ್ಯರು ಇಂಥ ಹೆಂಗಸರನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುತ್ತಿದ್ದರಂತೆ, ಅರ್ಧ ದಾಳಿಂಬೆಯನ್ನು ಒಳಗೆ ಆನಿಸಿಡುತ್ತಿದ್ದರಂತೆ. ಈಗ ಆ ದಾಳಿಂಬೆಯ ಜಾಗಕ್ಕೆ ಸಿಲಿಕೋನಿನ ಪೆಸರಿ, ಅಂದರೆ ಜಾರಿದ್ದನ್ನು ಒಳಗೇ ಆನಿಸಿ ಹಿಡಿಯುವ ಆಸರೆ, ಬಂದಿದೆ. ನನಗೂ ಬೇಕಾದರೆ ಹಾಕಿಸಿಕೊಳ್ಳಬಹುದು ಅಂದಿದ್ದಾರೆ. ಸದ್ಯಕ್ಕೆ ಬೇಡ. ನನ್ನ ಜಾರುವಿಕೆ ಹೋಗಿಲ್ಲ, ಎರಡನೇ ಹಂತ ಎರಡನೇ ಹಂತವೇ. ಆದರೆ ದಿನದ ಹೆಚ್ಚು ಹೊತ್ತು ಅದರ ನೆನಪು ಬರುವುದಿಲ್ಲ. ಇವತ್ತು ಬಂತು.

ರಾತ್ರಿ ಅಕ್ಕನಿಗೆ ಫೋನ್‌ನಲ್ಲಿ ಎಲ್ಲ ಹೇಳಿದೆ. "ಥೂ, ಇದನ್ನೂ ಬರೀತೀಯಾ?" ಅಂದಳು. ಹತ್ತು ನಿಮಿಷ ಬಿಟ್ಟು ಒಂದು ಮೆಸೇಜ್: ‘ಆ ಮಣೆ ಎಷ್ಟು ಎತ್ತರ ಇರ್ಬೇಕು?’

ಟೇಪ್ ಹುಡುಕಿ ಅಳೆದೆ. ನನ್ನದು 20 ಸೆಂಟಿಮೀಟರ್. ಅಕ್ಕ ನನಗಿಂತ ಕುಳ್ಳಿ, ಇನ್ನೆರಡು ಬೆರಳು ಎತ್ತರದ್ದು ಬೇಕಾದೀತು ಅಂತ ಬರೆದು ಕಳಿಸಿದೆ. ‘ಯಾರಿಗೆ ಅಂತ ಕೇಳ್ಬೇಡ’ ಅಂತ ಉತ್ತರ ಬಂತು.

ಕೇಳಲಿಲ್ಲ.